ಗುರುಲಿಂಗಮ್ಮತ್ತೆ ಹೈದರಾಬಾದಿಗೆ ಹೊರಟ ಕಾಲ

ನಮ್ಮ ಸೋದರತ್ತೆ ಗುರುಲಿಂಗಮ್ಮನ ಎರಡೂ ಕಣ್ಣಿಗೆ ಪೊರೆ ಬಂದಾಗ ನನಗೆ ಹದಿಮೂರು ವರ್ಷ. ಎರಡನೆಯ ಮಹಾಯುದ್ಧದ ದಿನಗಳು. ನಮ್ಮ ಕುಷ್ಟಗಿ ಆಗ ನಿಜಾಮರ ರಾಜ್ಯದಲ್ಲಿತ್ತು. ಕೊಪ್ಪಳದ ಡಾಕ್ಟರು ಅಪ್ಪನಿಗೆ ಹೇಳಿದ್ದು ಇಷ್ಟೇ: ವರ್ಷದೊಳಗೆ ಪೊರೆ ತೆಗೆಸದಿದ್ದರೆ ದೃಷ್ಟಿ ಪೂರ್ತಿ ಹೋಗುತ್ತದೆ, ಒಳ್ಳೆಯ ಹವಾ ನೋಡಿಕೊಂಡು ಹೈದರಾಬಾದಿನ ದವಾಖಾನೆಗೆ ಕರೆದೊಯ್ಯಿರಿ.

ಆ ‘ಒಳ್ಳೆಯ ಹವಾ’ ಯಾವಾಗ ಎಂಬುದೇ ಯಾರಿಗೂ ಬಗೆಹರಿಯಲಿಲ್ಲ.

ಅಪ್ಪ ಹೈದರಾಬಾದು ಕಂಡವರನ್ನೆಲ್ಲ ಮನೆಯ ಮುಂದಿನ ತನ್ನ ಅಂಗಡಿಗೆ ಕರೆದು ಕೇಳಿದ. ತಹಸೀಲು ಕಚೇರಿಯ ಈಶಪ್ಪ, “ಬಹಮನ್ ತಿಂಗಳದಾಗ ಹೋಗ್ರಿ ಕೊಟ್ರಪ್ಪಾರ. ಹವಾ ಅಂದ್ರ ಹವಾ!” ಎಂದ. ಕಚೇರಿಯವರಿಗೆ ಸರಕಾರದ ಫಸಲಿ ತಿಂಗಳು, ಅಪ್ಪನಿಗೆ ಪಂಚಾಂಗ, ನಮ್ಮ ಹೊಲ ನೋಡಿಕೊಳ್ಳುತ್ತಿದ್ದ ಮುದಿಯಪ್ಪನಿಗೆ ಮಳೆಯ ಹೆಸರು. ಬಹಮನ್ ಎಂದರೆ ಮಾರ್ಗಶಿರವೋ ಪುಷ್ಯವೋ ಎಂದು ಅಪ್ಪ ಬೆರಳು ಮಡಚತೊಡಗಿದ.

“ಅಂದ್ರ ಸ್ವಾತಿ ಮಳಿ ಹೋದಮ್ಯಾಲೇನ್ರಿ?” ಎಂದ ಮುದಿಯಪ್ಪ.

“ಮಳಿ ಯಾಕ ತರ್ತೀಯೋ ಮಾರಾಯ, ನಾ ಚಳಿ ಅನ್ನಾಕತ್ತೀನಿ!” ಎಂದ ಈಶಪ್ಪ.

“ಚಳ್ಯಾಗ ಅಲ್ಲಿ ಪ್ಲೇಗ್ ಬರ್ತೈತ್ರಿ. ಊರಿಗೂರ ಖಾಲಿ,” ಎಂದ, ಹರೆಯದಲ್ಲಿ ಹೈದರಾಬಾದಿನಲ್ಲಿ ಕೂಲಿ ಮಾಡಿ ಬಂದಿದ್ದ ಮುದಿಯಪ್ಪ.

“ಮಳಿಗಾಲದಾಗ?” ಎಂದ ಅಪ್ಪ.

“ಯಪ್ಪಾ! ಮೂಸಿ ಹೊಳಿ ಬಂದಾಗ ನಾ ಗ್ವಾಡಿ ಹತ್ತಿ ಕುಂತು ಬದುಕಿದಾಂವ್ರಿ.”

“ಬ್ಯಾಸಗ್ಯಾಗಂತೂ ಬ್ಯಾಡ,” ಎಂದ ಈಶಪ್ಪ. “ಗಾಯ ಮಾಯೂದಿಲ್ಲ.”

ಹೀಗೆ ನನ್ನ ತಲೆಯಲ್ಲಿ ಮೂರು ಹೈದರಾಬಾದುಗಳಾದವು: ಒಂದು ಖಾಲಿ, ಒಂದು ನೀರಲ್ಲಿ ಮುಳುಗಿದ್ದು, ಇನ್ನೊಂದು ಬಿಸಿಲಲ್ಲಿ ಬೇಯುವುದು. ಆ ಊರಿನ ಜನ ಬದುಕುವುದು ಯಾವಾಗ ಎಂದು ಕೇಳಿದರೆ ಅಪ್ಪ ನನ್ನನ್ನೇ ಬೈದ. ಆದರೆ ನಾನು ಸಾಲಿಯಲ್ಲಿ ಉರ್ದು ಕಲಿತಿದ್ದರಿಂದ, ಯಾವ ಕಾಲದಲ್ಲಿ ಹೊರಟರೂ ನಾನೂ ಜೊತೆಗೆ ಹೋಗಬೇಕೆಂದು ಗೊತ್ತಾಗಿತ್ತು.

ಇದಕ್ಕಿಂತ ದೊಡ್ಡ ಗೊಂದಲ ಅತ್ತೆಯದು. ಹೇಗೋ ಒಂದು ತಿಂಗಳು ಗೊತ್ತು ಮಾಡಿದರೆ ಆಕೆ ಅದನ್ನು ಮುರಿಯುತ್ತಿದ್ದಳು. ದೀಪಾವಳಿ ಆದ ಮೇಲೆ ಎಂದರೆ, “ಎಳ್ಳಮವಾಸಿಗೆ ಸಜ್ಜಿ ಕಡಬು ಮಾಡೋರ್ಯಾರು? ಹೊಲಕ್ಕ ಎಡಿ ಒಯ್ದು ಚರಗ ಚೆಲ್ಲಬೇಕಲ್ಲ,” ಎನ್ನುವಳು. ಎಳ್ಳಮವಾಸ್ಯೆ ಮುಗಿಯಿತು, ಜೋಳದ ಸುಗ್ಗಿ ಬಂತು. ಸುಗ್ಗಿ ಮುಗಿಯಿತು, “ಹಪ್ಪಳಕ್ಕ ಬಿಸಿಲು ಬಿದ್ದೈತಿ, ಮುಂದ ಮಾವಿನಕಾಯಿ ಬರ್ತಾವು, ಉಪ್ಪಿನಕಾಯಿ ಆಗಲಿ.” ಅಷ್ಟು ಹೊತ್ತಿಗೆ ಆಕೆಗೆ ಮನುಷ್ಯರು ನೆರಳಿನಂತೆ ಮಾತ್ರ ಕಾಣುತ್ತಿದ್ದರು. ಕಣ್ಣು ಬೇಕೆಂದು ದಿನಾ ಬಸವಣ್ಣನಿಗೆ ಕೈ ಮುಗಿಯುವಾಕೆಯೇ ಹೀಗೇಕೆ ಮಾಡುತ್ತಾಳೆಂದು ನನಗೆ ತಿಳಿಯಲೇ ಇಲ್ಲ.

ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ತಮ್ಮನ ಮನೆಗೆ ಬಂದವಳು. ಉಗ್ರಾಣದ ಕೆಲಸವೆಲ್ಲ ಆಕೆಯದೇ. ಕಣ್ಣು ಮಂದವಾದ ಮೇಲೂ ಬೇಳೆ, ಕಡಲೆಗಳನ್ನು ಮುಟ್ಟಿ, ಮೂಸಿ, ಯಾವ ಗಡಿಗೆಯಲ್ಲಿ ಏನು ಕೆಡುತ್ತಿದೆ ಎಂದು ಹೇಳುವಳು.

ಒಂದು ಮಧ್ಯಾಹ್ನ ಬಳೆ ಮಾರುವ ಲಾಲಬೀ ನಮ್ಮ ಪಡಸಾಲೆಯಲ್ಲಿ ಬುಟ್ಟಿ ಇಳಿಸಿದ್ದಳು. ಅತ್ತೆ ಬಳೆ ತೊಡುವವಳಲ್ಲ. ಆದರೂ ಲಾಲಬೀ ಯಾವಾಗಲೂ ಆಕೆಯ ಪಕ್ಕದಲ್ಲೇ ಕುಳಿತು ಒಂದಿಷ್ಟು ಹರಟೆ ಹೊಡೆದೇ ಏಳುವಳು.

“ಯಕ್ಕಾ, ಹೈದರಾಬಾದಿಗೆ ಇನ್ನೂ ಹೋಗಿಲ್ಲಲ್ಲ! ನೀವು ಹೋದ್ರ ಈ ಮನಿ ನಡಿಯೂದಿಲ್ಲೇನ್ರಿ?” ಎಂದು ನಗೆಯಾಡಿದಳು.

ಅತ್ತೆಯೂ ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ, “ನಡೀತೈತಿ ಲಾಲಬೀ. ಛಲೋನ ನಡೀತೈತಿ. ಅದ ನನಗ ಅಂಜಿಕಿ,” ಎಂದಳು.

ಲಾಲಬೀ ಆಕೆಯ ಬರಿಯ ಕೈಯನ್ನು ಹಿಡಿದುಕೊಂಡಳು. ಜೋಳ ಕೇರುತ್ತಿದ್ದ ನಮ್ಮವ್ವ ಬಸವಣ್ಣೆಮ್ಮನ ಮೊರ ನಿಂತಿತು. ಅಂಜುವಂಥದ್ದು ಏನಿದೆ ಎಂದು ನಾನು ಒಬ್ಬೊಬ್ಬರ ಮುಖ ನೋಡಿದೆ.

ಸಂಜೆ ಅಪ್ಪ ಉಣ್ಣುತ್ತಿದ್ದಾಗ ಅವ್ವ ಉಗ್ರಾಣದ ಬಾಗಿಲೆಳೆದು ಕೀಲಿ ಹಾಕಿ, ಕೀಲಿಕೈ ತಂದು ಅತ್ತೆಯ ಸೊಂಟಕ್ಕೆ ಸಿಕ್ಕಿಸಿದಳು.

“ಅಕ್ಕಾರ, ನೀವು ಕಣ್ಣ ಮಾಡಿಸಿಕೊಂಡು ಬಂದು ತಗೀರಿ. ಅಲ್ಲೀತನಕ ಈ ಬಾಗಲಾ ತಗಿಯೂದಿಲ್ಲ.”

“ಹುಚ್ಚ ಹಿಡೀತೇನು ನಿನಗ? ನಾವು ತಿನ್ನೂದೇನು?” ಎಂದ ಅಪ್ಪ.

“ಅದು ನನಗ ಬಿಡ್ರಿ. ನೀವು ಮೋಟಾರ ಯಾವಾಗ ಐತಿ ನೋಡ್ರಿ.”

ಅತ್ತೆ ಕೀಲಿಕೈಯನ್ನು ಬಹಳ ಹೊತ್ತು ಸವರುತ್ತ ಕುಳಿತಳು. “ಉಪ್ಪಿನಕಾಯಿ?” ಎಂದಳು.

“ಈ ವರ್ಷ ಹಾಕೂದಿಲ್ರಿ. ನಿಮ್ಮ ಕೈಯಿಂದು ಮುಂದಿನ ವರ್ಷ ತಿಂತೀವಿ.”

“ಹಂಗಾದ್ರ ನಾಳೆ ಹೋಗೂಣು, ಕೊಟ್ರಪ್ಪ.”

“ಈ ಬ್ಯಾಸಗ್ಯಾಗ?” ಅಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಯಾರೂ ಹೋಗೆಂದು ಹೇಳದ ಕಾಲದಲ್ಲಿ ನಾವು ಹೊರಟೆವು.

ರಾಯಚೂರಿನತನಕ ಮೋಟಾರು, ಅಲ್ಲಿಂದ ರೈಲು. ಹೈದರಾಬಾದು ನಿಜಕ್ಕೂ ಬೇಯುತ್ತಿತ್ತು. ಆದರೆ ದವಾಖಾನೆಯಲ್ಲಿ ಅರ್ಧ ಮಂಚಗಳು ಖಾಲಿ. ಎಲ್ಲರೂ ಚಳಿಗಾಲಕ್ಕೆ ಬರುತ್ತಾರಂತೆ. ಆಗ ವರಾಂಡದಲ್ಲೂ ಜಾಗವಿರುವುದಿಲ್ಲವಂತೆ. ಡಾಕ್ಟರು ದೀಪ ಹಿಡಿದು ನೋಡಿ, ಎಡಗಣ್ಣು ಆಗಲೇ ಹೋಗಿದೆ, ಬಲಗಣ್ಣನ್ನು ಉಳಿಸಬಹುದು, ಆದರೆ ಅದೂ ಚಳಿಗಾಲದವರೆಗೆ ಕಾಯುತ್ತಿರಲಿಲ್ಲ ಎಂದು ಉರ್ದುವಿನಲ್ಲಿ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳುವಾಗ ಬಲಗಣ್ಣಿನ ಮಾತನ್ನು ಮೊದಲು ಹೇಳಿದೆ.

ಶಸ್ತ್ರಕ್ರಿಯೆಗೆ ಮೊದಲು ಮೈಮೇಲಿನದೆಲ್ಲ ತೆಗೆಯಬೇಕೆಂದರು. ಅತ್ತೆ ಕೀಲಿಕೈ ಬಿಡಲೊಲ್ಲಳು. ನಾನು ಕಾರಣ ವಿವರಿಸಲು ಹೋಗಿ ತೊದಲಿದೆ. ಆ ಕಾರಣ ನನಗೇ ಸರಿಯಾಗಿ ಗೊತ್ತಿರಲಿಲ್ಲ. ನರ್ಸಮ್ಮ ಮುಂದೆ ಕೇಳಲಿಲ್ಲ. ಪಟ್ಟಿಯ ಬಟ್ಟೆಯನ್ನು ಒಂದಿಷ್ಟು ಹರಿದು, ಕೀಲಿಕೈ ಸುತ್ತಿ, ಅತ್ತೆಯ ಮುಂಗೈಗೆ ಕಟ್ಟಿದಳು.

ಕಣ್ಣಿಗೆ ಪಟ್ಟಿ ಇದ್ದಷ್ಟು ದಿನ ಪಕ್ಕದ ಮಂಚದ ಅಬೇದಾಬಿ ತನ್ನ ಬೀಸಣಿಗೆಯನ್ನು ನೀರಲ್ಲಿ ಅದ್ದಿ ತನಗೊಮ್ಮೆ, ಅತ್ತೆಗೊಮ್ಮೆ ಗಾಳಿ ಹಾಕುತ್ತಿದ್ದಳು. ಈಕೆಗೆ ಅವಳ ಮಾತು ಬಾರದು, ಅವಳಿಗೆ ಈಕೆಯದು. ಆದರೂ ಇಬ್ಬರೂ ದಿನವಿಡೀ ಮಾತಾಡಿದರು.

ಊರಿಗೆ ಬಂದಾಗ ರೋಹಿಣಿ ಮಳೆ ಒಂದು ಸಲ ಬಿದ್ದಿತ್ತು. ಅತ್ತೆ ದಪ್ಪ ಕನ್ನಡಕ ಹಾಕಿಕೊಂಡು, ಚಪ್ಪಲಿ ಕೂಡ ಬಿಡದೆ ಉಗ್ರಾಣಕ್ಕೆ ನಡೆದು ಕೀಲಿ ತೆಗೆದಳು. ಒಳಗಿನಿಂದ ಹಳಸಿದ ಗಾಳಿ ಬಂತು. ಅವ್ವ ನಿಜವಾಗಿಯೂ ಬಾಗಿಲು ತೆರೆದಿರಲಿಲ್ಲ. ಲಾಲಬೀಯಿಂದ ಬೇಳೆ, ಮುದಿಯಪ್ಪನ ಮನೆಯಿಂದ ಹಿಟ್ಟು, ಹೀಗೆ ಕೈಗಡ ತಂದು ದಿನ ತಳ್ಳಿದ್ದಳು.

“ಬಸವಣ್ಣೆಮ್ಮ! ಬ್ಯಾಳಿಗೆ ಹುಳ ಬಿದ್ದಾವು ನೋಡವಾ!” ಎಂದು ಅತ್ತೆ ಒಳಗಿನಿಂದಲೇ ಕೂಗಿದಳು. “ಈ ಕಡಲಿ ನೋಡ, ಬರೇ ಬೂಜು! ಏನ ಮನೀನೋ ಇದು!”

“ನೀವಿರಲಿಲ್ಲಲ್ರಿ ಅಕ್ಕಾರ, ನಾ ಏನ ಮಾಡ್ಲಿ?” ಎಂದಳು ಅವ್ವ, ಸೆರಗಿನಿಂದ ನಗು ಮುಚ್ಚಿಕೊಂಡು.

ಹುಳುಕು ಬೇಳೆಗೆ ಇಬ್ಬರೂ ಏಕೆ ಅಷ್ಟು ಸಂತೋಷಪಟ್ಟರೆಂದು ನಾನು ತಿಳಿಯದೆ ನಿಂತಿದ್ದೆ. ಅಷ್ಟರಲ್ಲಿ ಅತ್ತೆ ಮೊರದ ತುಂಬ ಬೇಳೆ ತಂದು ಬೆಳಕಿಗೆ ಹಿಡಿದು, ಒಂದೇ ಕಣ್ಣಿನಿಂದ ಹುಳ ಆರಿಸತೊಡಗಿದಳು.

ಅಂಗಡಿಯಲ್ಲಿ ಯಾರೋ ಅಪ್ಪನನ್ನು, “ಹೈದರಾಬಾದಿಗೆ ಯಾವ ಕಾಲದಾಗ ಹೋದ್ರ ಛಲೋರಿ?” ಎಂದು ಕೇಳುತ್ತಿದ್ದರು. ಅಪ್ಪ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, “ನಮ್ಮ ಮನ್ಯಾಗ ಕೇಳಿ ಹೇಳ್ತೀನ್ರಿ,” ಎಂದ.