ಪರದೆಯ ಕೆಳಗಿನ ಬೂಟು

ಅಪ್ಪನ ಕಪ್ಪು ಬೂಟಿಗೆ ಮಗ ಕಾಲು ತುರುಕುತ್ತಿದ್ದ. ಅವನ ಹತ್ತಿರ ಇದ್ದದ್ದು ಗೋದಾಮಿನ ಕೆಲಸದ ಹಳದಿ ಬೂಟು. ಅದನ್ನು ಹಾಕಿಕೊಂಡು ಸಂಸ್ಕಾರಕ್ಕೆ ಹೋಗುವುದು ಚೆನ್ನಾಗಿರುವುದಿಲ್ಲ ಎಂದು ಕೆಳಮನೆಯ ಟ್ಯಾಕ್ಸಿಯವನು ಹೇಳಿದ್ದ.

ಶವಪೆಟ್ಟಿಗೆಯ ಪಕ್ಕ ಇಡಲು ಅಪ್ಪನ ಚಿತ್ರ ಹುಡುಕಿದರೆ ಮನೆಯಲ್ಲಿ ಸಿಕ್ಕಿದ್ದೆಲ್ಲ ವಾಸದ ಪರವಾನಗಿಗೆ ತೆಗೆಸಿದ ಫೋಟೊಗಳೇ. ಅವುಗಳಲ್ಲಿ ಹಲ್ಲು ಕಾಣಬಾರದು, ಕಿವಿ ಕಾಣಲೇಬೇಕು. ಬದುಕಿಡೀ ಹಲ್ಲು ಕಿರಿದುಕೊಂಡೇ ಇದ್ದ ಮನುಷ್ಯ ದೊಡ್ಡದು ಮಾಡಿಸಿದ ಚಿತ್ರದಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದವನಂತೆ ಕಾಣುತ್ತಿದ್ದ.

“ಈ ದೇಶದಲ್ಲಿ ಸುಡಿಸಿಕೊಳ್ಳೋಕೂ ಪಾಳಿ,” ಅಂದ ಟ್ಯಾಕ್ಸಿಯವನು. “ಮಧ್ಯಾಹ್ನ ನಮ್ಮದೇ ಮೊದಲು, ಅತ್ತಿಗೆ. ಅಣ್ಣ ಜನ್ಮದಲ್ಲೇ ಮೊದಲ್ನೇ ಸಲ ಸಾಲಲ್ಲಿ ಎಲ್ರಿಗಿಂತ ಮುಂದಿದಾರೆ.”

ಹುಡುಗನ ತಾಯಿಗೆ ನಗು ಬರಲಿಲ್ಲ. ಅವಳ ವಾಸದ ಪರವಾನಗಿ ಗಂಡನದ್ದಕ್ಕೆ ಬಾಲದ ಹಾಗೆ ಅಂಟಿಕೊಂಡಿತ್ತು. ಹೊಸ ಫೋಟೊ ಅಂಟಿಸಿದ ಅರ್ಜಿ ಈ ಬೆಳಿಗ್ಗೆಯೇ ಕಚೇರಿ ಸೇರದಿದ್ದರೆ ನಾಳೆಯಿಂದ ಅವಳು ಇಲ್ಲಿರುವಂತಿಲ್ಲ. ಊರಿನಲ್ಲಿ ಮನೆಯೂ ಇಲ್ಲ, ಬಾ ಅನ್ನುವವರೂ ಇಲ್ಲ. ಇವತ್ತು ಸಂಸ್ಕಾರವಿದೆ ಎಂದು ಮಗ ಫೋನಿನಲ್ಲಿ ಕಚೇರಿಯವರನ್ನು ಬೇಡಿಕೊಂಡಿದ್ದ. ಅಂಥ ಸಂದರ್ಭಕ್ಕೆ ವಿನಾಯಿತಿ ಉಂಟು, ಆದರೆ ಎರಡು ವಾರ ಮುಂಚೆ ತಿಳಿಸಬೇಕಿತ್ತು ಎಂಬ ಉತ್ತರ ಬಂದಿತ್ತು.

“ಕೊಟ್ರೆ ಆಗುತ್ತೇನೋ?” ಎಂದಳು.

ಮಗ ಲೇಸು ಬಿಗಿದ. “ಕೊಡ್ದಿದ್ರೆ ನಾಳೇನೇ ಹೋಗು ಅಂತಾರೆ. ಕೊಟ್ರೆ ಯೋಚ್ನೆ ಮಾಡಿ ಹೋಗು ಅಂತಾರೆ. ಏಳಮ್ಮ.”

*

ರೈಲು ನಿಲ್ದಾಣದ ಮೂಲೆಯಲ್ಲಿ ಫೋಟೊ ತೆಗೆಯುವ ಗೂಡು. ಅದರ ಪರದೆ ಮೊಣಕಾಲಿನವರೆಗೆ ಮಾತ್ರ. ಪ್ರತಿ ವರ್ಷ ಅವಳು ಒಳಗೆ ಮುಖ ಬಿಗಿದು ಕೂತರೆ, ಹೊರಗೆ ನಿಂತ ಗಂಡ ಪರದೆಯ ಕೆಳಗೆ ಬೂಟಿನ ಮೂತಿ ಕುಣಿಸುತ್ತಿದ್ದ.

“ನಾನು ಹೆಣ್ಣು ನೋಡೋಕೆ ಬಂದಾಗ ಕೂತಿದ್ದೆಯಲ್ಲ, ಹಂಗೇ ಕೂತ್ಕೊಳ್ಳೇ.”

ಅವಳು ಕಿಸಕ್ಕನೆ ನಕ್ಕರೆ ಮುಗಿಯಿತು, ಕೆಂಪು ದೀಪ. ನಗುವ ಮುಖ ಯಂತ್ರಕ್ಕೆ ಆಗದು. ಮತ್ತೆ ಚಿಲ್ಲರೆ, ಮತ್ತೆ ಬೂಟು, ಮತ್ತೆ ಕೆಂಪು.

“ಸುಮ್ನಿರ್ರೀ, ಹಿಂದೆ ಜನ ಕಾಯ್ತಿದಾರೆ.”

“ಕಾಯ್ಲಿ ಬಿಡು. ನಾವು ಕಾದಿಲ್ವ?”

*

ಟ್ಯಾಕ್ಸಿಯವನು ರಸ್ತೆಯಲ್ಲಿ ಇಂಜಿನ್ ಆರಿಸದೆ ಕಾಯುತ್ತಿದ್ದ. ಅವಳು ಗೂಡಿನೊಳಗೆ ಕೂತು ಸೆರಗು ಸರಿಮಾಡಿಕೊಂಡು, ಕಿವಿ ಕಾಣುವಂತೆ ಕೂದಲು ಹಿಂದಕ್ಕೆ ತಳ್ಳಿ, ಪರದೆ ಎಳೆದಳು. ಮಗ ಹೊರಗಿನಿಂದ ಚಿಲ್ಲರೆ ಹಾಕಿದ.

ಅಭ್ಯಾಸಬಲದಿಂದ ಅವಳ ಕಣ್ಣು ಕೆಳಗೆ ಹೋಯಿತು. ಪರದೆಯ ಕೆಳಗೆ ಅದೇ ಬೂಟು. ಮೂತಿ ಸವೆದದ್ದು, ಹೋದ ವಾರವಷ್ಟೇ ಗಂಡ ಪಾಲಿಶ್ ತಿಕ್ಕಿದ್ದು.

ಅವಳು ಕಾದಳು.

ಬೂಟು ಅಲುಗಲಿಲ್ಲ.

“ಅಮ್ಮ, ಮುಂದೆ ನೋಡು,” ಅಂದ ಮಗ.

ಅವಳು ಮುಂದೆ ನೋಡಿದಳು. ಬೆಳಕು ಮಿಂಚಿತು. ಹಸಿರು ದೀಪ ಹತ್ತಿತು. ಯಂತ್ರ ಮೊದಲ ಸಲಕ್ಕೇ ಒಪ್ಪಿಕೊಂಡು, ಅದೇ ಮುಖವನ್ನು ನಾಲ್ಕು ಪ್ರತಿ ಮಾಡಿ, ಇನ್ನೂ ಹಸಿಯಾಗಿದ್ದಂತೆಯೇ ಬೂಟಿನ ಪಕ್ಕಕ್ಕೆ ಉದುರಿಸಿತು.