ಈಗ ಬರೀ ಬೀದಿ

2019ರ ಮಾರ್ಚ್ 17, ಭಾನುವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಅವಳ ಗಂಡ ಐದನೆಯ ಸಲ ಆ ಪುಟ್ಟ ಕೋಣೆಯೊಳಗೆ ಹಾಡಲು ಕೂತ. ಕೋಣೆ ಆಸ್ಪತ್ರೆಯದು; ಅವಳು ಅಲ್ಲಿ ಕಿವಿ ಪರೀಕ್ಷೆ ಮಾಡುವವಳು. ಎರಡು ಬಾಗಿಲು, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಒಂದು ದಪ್ಪ ಗಾಜಿನ ಕಿಟಕಿ. ಒಳಗೆ ಎಷ್ಟೇ ಕಿರುಚಿದರೂ ಹೊರಗೆ ಕೂತವಳ ಹೆಡ್‌ಫೋನಿಗೆ ಬಿಟ್ಟರೆ ಯಾರಿಗೂ ಕೇಳಿಸದು. ಭಾನುವಾರ ರೋಗಿಗಳಿಲ್ಲ, ಬೀಗದ ಕೈ ಅವಳ ಹತ್ತಿರವೇ.

ಮನೆಯಲ್ಲಿ ಹಾಡುವಂತಿರಲಿಲ್ಲ. ಮೊದಲ ದಿನವೇ ಅತ್ತೆ ಅಡುಗೆಮನೆಯಿಂದ, "ಬಾಗಿಲು ಹಾಕ್ಕೊಂಡು ಹಾಡಪ್ಪ, ಯಾರೋ ಹೋಗ್ಬಿಟ್ರು ಅಂದ್ಕೊಂಡು ಅಕ್ಕಪಕ್ಕದವರು ಬಂದ್ಬಿಡ್ತಾರೆ" ಎಂದಿದ್ದರು.

ಅವನು ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕಾರ್ಖಾನೆಗೆ ಇಪ್ಪತ್ತೈದು ವರ್ಷ ತುಂಬುವ ಸಮಾರಂಭದಲ್ಲಿ ನಾನೂರು ಜನರ ಮುಂದೆ ಹಾಡಲು ಗೆಳೆಯರು ಅವನ ಹೆಸರು ಕೊಟ್ಟುಬಿಟ್ಟಿದ್ದರು. ಹಾಡನ್ನೂ ಅವರೇ ಆರಿಸಿದ್ದರು: ಪ್ರೀತಿಸಿದವಳು ಬಿಟ್ಟುಹೋದ ಮೇಲೆ ಒಬ್ಬ ಅವಳ ಮನೆಯ ಬೀದಿಯಲ್ಲಿ ನಿಂತು ಹಾಡುವ ಹಾಡು. 'ನಿನ್ನ ಮನೆಯ ಬೀದಿ ಈಗ ಬರೀ ಬೀದಿ' ಎಂಬ ಸಾಲು ಮೂರು ಸಲ ಬರುತ್ತದೆ. ಮೂರನೆಯದು ಎಲ್ಲಕ್ಕಿಂತ ಮೇಲಿನ ಸ್ವರದಲ್ಲಿ.

ಹುಡುಗಿಯಾಗಿದ್ದಾಗ ಒಂಬತ್ತು ವರ್ಷ ಸಂಗೀತ ಕಲಿತವಳು ಅವಳೇ. ಹಾಗಾಗಿ ಕಲಿಸುವ ಕೆಲಸವೂ ಅವಳ ಪಾಲಿಗೇ ಬಂತು. ನಾಲ್ಕು ಭಾನುವಾರದಲ್ಲಿ ಸ್ವರ ಸರಿಹೋಯಿತು, ತಾಳ ಸರಿಹೋಯಿತು. ಹಾಡು ಮಾತ್ರ ಬರಲಿಲ್ಲ.

"ಹಾಜರಿ ಕೂಗಿದ ಹಾಗಿದೆ ರೀ," ಎಂದಿದ್ದಳು ಹಿಂದಿನ ವಾರ. "ದುಃಖ ಅಂದ್ರೆ ಗಂಟಲು ಎತ್ತರಿಸೋದಲ್ಲ. 'ಬರೀ' ಅನ್ನೋ ಮುಂಚೆ ಉಸಿರು ಹಿಡೀರಿ. ನಿಮ್ಮನ್ನ ಯಾರಾದ್ರೂ ಬಿಟ್ಟು ಹೋಗಿದ್ದು ನೆನಪು ಮಾಡ್ಕೊಳ್ಳಿ."

"ಹೋಗಿದ್ರೆ ತಾನೇ ನೆನಪಾಗೋದು? ತವರಿಗೆ ಹೋದ್ರೂ ಸಾಯಂಕಾಲಕ್ಕೆ ಹಾಜರಾಗ್ತೀಯ. ಎಲ್ಲ ನಿಂದೇ ತಪ್ಪು ಕಣೇ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷ.

ಈ ಭಾನುವಾರ ಅವನು ಹಾಡಿದ. ಮೊದಲ ಸಲ ಆ ಸಾಲು ಬಂದಾಗಲೇ ಅವಳು ಪೆನ್ನು ಕೆಳಗಿಟ್ಟಳು. ಎರಡನೆಯ ಸಲ ಉಸಿರು ಅವಳು ಹೇಳಿಕೊಟ್ಟ ಜಾಗದಲ್ಲಿ ನಿಲ್ಲಲಿಲ್ಲ. ಅದಕ್ಕೂ ಮುಂಚೆ, 'ಈಗ' ಎಂಬಲ್ಲೇ ಕಡಿದುಹೋಯಿತು. ಮೂರನೆಯದರ ಮೇಲಿನ ಸ್ವರ ಸ್ವಲ್ಪ ಕೆಳಗೇ ಉಳಿಯಿತು. ಆದರೂ ಅವಳ ಮೈ ಜುಮ್ಮೆಂದಿತು. ಗುರುವಿನ ಸಂತೋಷ ಅರ್ಧ ನಿಮಿಷ ಇದ್ದಿರಬೇಕು.

ಸುಲಭದ ಕೆಲಸಕ್ಕೆ ವರ್ಗವಾಗಲು ಕಿವುಡರಂತೆ ನಟಿಸುವವರು ವಾರಕ್ಕೊಬ್ಬರಾದರೂ ಅವಳ ಹತ್ತಿರ ಬರುತ್ತಿದ್ದರು. ನಟನೆ ಯಾವುದು, ನಿಜ ಯಾವುದು ಎಂದು ಬೇರೆ ಮಾಡುವುದು ಅವಳಿಗೆ ಅನ್ನ ಕೊಟ್ಟ ವಿದ್ಯೆ. ಇದು ನಟನೆಯಲ್ಲ. ಹಾಗಾದರೆ ಒಂದೇ ವಾರದಲ್ಲಿ ಇದು ಎಲ್ಲಿಂದ ಬಂತು?

ಎರಡು ವರ್ಷದಿಂದ ಅವನು ಹೊಟ್ಟೆ ಕರಗಿಸಲೆಂದು ದಿನವೂ ಸಂಜೆ ಮುಕ್ಕಾಲು ಗಂಟೆ ನಡೆಯಲು ಹೋಗುತ್ತಿದ್ದ. "ಹೊಟ್ಟೆ ಇದ್ದಲ್ಲೇ ಇದೆ, ಇವನು ಎಲ್ಲಿ ನಡೀತಾನೋ" ಎಂದು ಅತ್ತೆ ತಮಾಷೆ ಮಾಡುತ್ತಿದ್ದರು. ಈ ಮಂಗಳವಾರದಿಂದ ಅವನು ಹೋಗಿರಲಿಲ್ಲ. ಕೇಳಿದ್ದಕ್ಕೆ, ಮೊಣಕಾಲು ನೋವು ಎಂದಿದ್ದ. ತಟ್ಟೆಯಲ್ಲಿ ಅನ್ನ ಉಳಿಯುತ್ತಿತ್ತು. ಅವಳೇ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದಳು, ಐದು ರಾತ್ರಿ.

"ಹೇಗಿತ್ತೇ?" ಎಂದ ಅವನು ಒಳಗಿನಿಂದ.

"ಚೆನ್ನಾಗಿತ್ತು."

"ಅಷ್ಟೇನಾ?"

"ಹೇಗೂ ಬಂದಿದ್ದೀರಲ್ಲ, ಕಿವೀನೂ ನೋಡ್ಬಿಡೋಣ. ಹೆಡ್‌ಫೋನ್ ಹಾಕ್ಕೊಂಡು ಆ ಕಡೆ ತಿರುಗಿ. ನಾನು ಕೇಳಿದ್ದಕ್ಕೆ ಹೌದು ಅನ್ನೋದಾದ್ರೆ ಗುಂಡಿ ಒತ್ತಿ, ಸಾಕು."

ಅವನು ಕಿಟಕಿಗೆ ಬೆನ್ನು ಮಾಡಿ ಕೂತ. ಬಾಟಲಿಗಳ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ಅವನ ಕಿವಿ ಮಂದವಾಗಿತ್ತು. ಸೆಪ್ಟೆಂಬರಿನಲ್ಲಿ ಅವಳೇ ಅಳೆದು ಬರೆದಿಟ್ಟಿದ್ದಳು: ಮೂವತ್ತು ಡೆಸಿಬೆಲ್‌ಗಿಂತ ಮೆಲ್ಲಗಿನ ಮಾತು ಅವನಿಗೆ ಕೇಳಿಸದು.

ಅವಳು ತನ್ನ ಮೈಕಿನ ಸದ್ದು ಏರಿಸಿ ಇಳಿಸುವ ತಿರುಗಣೆಯನ್ನು ಅರವತ್ತು ಡೆಸಿಬೆಲ್‌ಗಿಟ್ಟಳು. "ನಾಳೆ ಸೋಮವಾರ ತಾನೇ?" ಅವಳ ಮುಂದಿನ ಹಸಿರು ದೀಪ ಹೊತ್ತಿತು.

ಐವತ್ತು. "ನಿಮ್ಮ ಹಾಡು ಕೇಳಿದ್ರೆ ನಿಮ್ಮಮ್ಮ ಮನೆ ಬಿಟ್ಟು ಓಡ್ತಾರೆ ತಾನೇ?" ಅವನ ಬೆನ್ನು ನಗುವಿಗೆ ಅಲುಗಿತು. ದೀಪ.

ನಲವತ್ತು. "ಮೊಣಕಾಲು ನಿಜವಾಗ್ಲೂ ನೋಯ್ತಿದೆಯಾ?" ದೀಪ ಹೊತ್ತಿತು, ಸ್ವಲ್ಪ ತಡವಾಗಿ.

ಅವಳು ತಿರುಗಣೆಯನ್ನು ಒಮ್ಮೆಗೇ ಇಪ್ಪತ್ತಕ್ಕೆ ಇಳಿಸಿದಳು. ಕೇಳದೆ ಇರಲು ಆಗುತ್ತಿರಲಿಲ್ಲ, ಉತ್ತರವೂ ಬೇಡವಾಗಿತ್ತು. ಇಪ್ಪತ್ತರಲ್ಲಿ ಕೇಳಿದರೆ ಕೇಳಿದ ಹಾಗೂ ಆಯಿತು, ಅವನ ಕಿವಿಗೆ ಬೀಳಲೂ ಇಲ್ಲ. ಹದಿನಾಲ್ಕು ವರ್ಷ ಹೇಗಿತ್ತೋ ಹಾಗೇ ಮನೆಗೆ ಹೋಗಬಹುದು.

"ಅವಳು ನಿಮ್ಮನ್ನ ಬಿಟ್ಟು ಹೋದ್ಲಾ?"

ಬೆನ್ನು ಅಲುಗಲಿಲ್ಲ. ಆ ಮಾತಿಗೇ ಕಿವಿಗೊಟ್ಟು ಕೂತಿದ್ದನೋ ಏನೋ, ಅವಳು ಉಸಿರು ಬಿಡುವಷ್ಟರಲ್ಲಿ ದೀಪ ಹೊತ್ತಿತು. ಹೊತ್ತಿದ್ದು ಆರಲಿಲ್ಲ, ಅವನು ಗುಂಡಿಯಿಂದ ಬೆರಳು ತೆಗೆದಿರಲಿಲ್ಲ. ಹೆಡ್‌ಫೋನಿನಲ್ಲಿ ಅವನ ಉಸಿರು 'ಈಗ' ಎಂಬಲ್ಲಿ ಕಡಿದಂತೆಯೇ ಕಡಿಯುವುದು ಅವಳಿಗೆ ಕೇಳಿಸಿತು.

ಅವಳು ಪೆನ್ನು ತೆಗೆದುಕೊಂಡು, ಹೊಸ ಹಾಳೆಯ ಮೇಲೆ ದಿನಾಂಕ ಹಾಕಿ, ಮಾತು ಕೇಳಿಸಿದ ಕನಿಷ್ಠ ಮಟ್ಟ ಎಂಬ ಸಾಲಿನ ಮುಂದೆ ಬರೆದಳು: 20 ಡೆಸಿಬೆಲ್.