ನಿನಗೊಬ್ಬಳಿಗೇ ಹೇಳ್ತಿರೋದು

ಒದ್ದೆ ಚಾದರದ ಒಂದು ತುದಿ ಅಕ್ಕನ ಕೈಯಲ್ಲಿತ್ತು, ಇನ್ನೊಂದು ತುದಿ ಅವಳ ತಮ್ಮನ ಹೆಂಡತಿಯ ಕೈಯಲ್ಲಿ. ಇಬ್ಬರೂ ಬಾಲ್ಕನಿಯಲ್ಲಿ ಎದುರುಬದುರಾಗಿ ನಿಂತು ಅದನ್ನು ತಿರುಚಿ ನೀರು ಹಿಂಡುತ್ತಿದ್ದರು. ಅಷ್ಟರಲ್ಲಿ ಒಳಗೆ ಫೋನು ರಿಂಗಾಯಿತು. "ಹಿಡ್ಕೊಂಡಿರಿ ಅತ್ತಿಗೆ, ಬಂದೆ," ಎಂದು ಅವಳು ತನ್ನ ತುದಿಯನ್ನೂ ಅಕ್ಕನ ತೋಳಿನ ಮೇಲೆ ಹೇರಿ ಒಳಗೆ ಓಡಿದಳು.

"ಮೇಷ್ಟ್ರೇ, ಹೇಗಿದ್ದೀರಿ ಎಲ್ರೂ? ಯಾವ ಊರು ಮುಟ್ಟಿದ್ರಿ?" ಎಂಬ ಮಾತು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ತಿರುಚಿದ ಚಾದರ ಅಕ್ಕನ ಕೈಯಲ್ಲಿ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ನೀರು ತೊಟ್ಟಿಕ್ಕಿ ಪಾದ ನೆನೆಯಿತು. ಅವಳು ಕದಲಲಿಲ್ಲ. ಎಪ್ಪತ್ತೈದು ವರ್ಷದ ಜೀವ. ಕೆಲವು ಸುದ್ದಿ ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಗುತ್ತದೆ.

"ದೇವರೇ," ಎಂದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಅರವತ್ತು ವರ್ಷ ತಪ್ಪದೆ ಪ್ರಾರ್ಥನೆ ಮಾಡಿದ ಬಾಯಿ ಅದು. ಆದರೆ ಆ ಒಂದು ಪದದ ಮುಂದೆ ಇನ್ನೊಂದು ಪದ ಹುಟ್ಟಲಿಲ್ಲ. ನೆನಪಾದದ್ದು ತಾನೇ ಆಡಿದ ಒಂದು ಮಾತು: "ಹೋಗು." ತಮ್ಮನಿಗೆ ಹಾಗೆಂದು ಕಳಿಸಿದವಳು ಅವಳೇ.

*

ಅವನು ಹೊರಡುವುದಕ್ಕೆ ಹತ್ತು ದಿನ ಮುಂಚೆ ಅಕ್ಕನ ಕೋಣೆಯ ಬಾಗಿಲಿಗೆ ಎಣ್ಣೆ ಬಿಡಲು ಬಂದಿದ್ದ. ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದವನು. ಯಾರ ಮನೆಗೆ ಹೋದರೂ ಕಿರುಗುಟ್ಟುವ ಕೀಲು ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಜೇಬಿನಲ್ಲಿ ಪೆನ್ನು ಇರದಿದ್ದರೂ ಎಣ್ಣೆಯ ಪುಟ್ಟ ಡಬ್ಬಿ ಇರುತ್ತಿತ್ತು.

ಅವನೂ ಅವನ ಮೂವರು ಶಾಲಾ ಗೆಳೆಯರೂ ಬೈಕಿನ ಮೇಲೆ ಪರದೇಶದ ಬೆಟ್ಟಗಳನ್ನು ಸುತ್ತಬೇಕೆಂದು ಮಾತಾಡಿಕೊಂಡು ನಲವತ್ತು ವರ್ಷವಾಗಿತ್ತು. ಒಂದು ವರ್ಷ ಒಬ್ಬನ ಮದುವೆ, ಇನ್ನೊಂದು ವರ್ಷ ಇನ್ನೊಬ್ಬನ ಮನೆಯಲ್ಲಿ ಹೆರಿಗೆ, ಮತ್ತೊಂದು ವರ್ಷ ಮತ್ತೊಬ್ಬನ ಬೇಕರಿಯ ಒಲೆ ಕೈಕೊಟ್ಟಿತು. ಅವನು ಕೆಲಸ ಮಾಡುತ್ತಿದ್ದ ಕಟ್ಟಡದ ಮೆಷಿನ್ ರೂಮಿನ ಬಾಗಿಲ ಒಳಬದಿಗೆ ಅಂಟಿಸಿದ್ದ ನಕ್ಷೆ ಮಡಿಕೆಮಡಿಕೆಗೆ ಹರಿದು, ಹೋಗಬೇಕಾದ ರಸ್ತೆಗಳೆಲ್ಲ ಟೇಪಿನ ಕೆಳಗೆ ಮಾಯವಾಗಿದ್ದವು. ಕೊನೆಗೆ ಈ ವರ್ಷ ಟಿಕೆಟ್ಟು ಕೈಗೆ ಬಂದಿತ್ತು.

"ಅಕ್ಕಾ, ಡಾಕ್ಟ್ರು ಬೈಕ್ ಮುಟ್ಟಬೇಡ ಅಂದ್ರು," ಎಂದ, ಕೀಲಿನಿಂದ ಕಣ್ಣು ತೆಗೆಯದೆ.

"ಯಾಕಂತೆ?"

"ಎದೇಲಿ ಹಳೇ ಮಾಲು. ಬಿಚ್ಚಿ ರಿಪೇರಿ ಮಾಡೋಕೆ ಹೋದ್ರೆ ಮೇಜಿನ ಮೇಲೇ ನಿಂತುಹೋಗ್ಬಹುದು. ಬಿಟ್ರೆ ಓಡಿದಷ್ಟು ದಿನ ಓಡತ್ತೆ."

"ಮನೇಲಿ ಸುಮ್ಮನೆ ಕೂತ್ರೆ?"

"ಆಗಲೂ ಓಡಿದಷ್ಟೇ ದಿನ. ಅವರಿಗೂ ಗೊತ್ತಿಲ್ಲ." ಜೇಬಿನಿಂದ ಮಾತ್ರೆಯ ಒಂದು ಪಟ್ಟಿ ತೆಗೆದು ಅವಳ ಕೈಗಿಟ್ಟ. "ಮನೇಲಿದ್ದಾಗ ಎದೆ ಹಿಡ್ಕೊಂಡ್ರೆ ನಾಲಿಗೆ ಕೆಳಗೆ ಒಂದು ಇಡು. ನಿನಗೊಬ್ಬಳಿಗೇ ಹೇಳ್ತಿರೋದು. ಅವಳಿಗೆ ಗೊತ್ತಾದ್ರೆ ಹೊಸಿಲು ದಾಟೋಕೆ ಬಿಡಲ್ಲ. ನೀನು ಬೇಡ ಅಂದ್ರೆ ಹೋಗಲ್ಲ ನೋಡು."

ತಾಯಿ ಸತ್ತಾಗ ಅವನಿಗೆ ಎಂಟು ವರ್ಷ. ಅಂದಿನಿಂದ ಅವನಿಗೆ ಬೇಕು ಬೇಡ ಹೇಳುತ್ತ ಬಂದವಳು ಅಕ್ಕ. ಅವಳು ಬಾಗಿಲನ್ನು ಒಮ್ಮೆ ಮುಂದಕ್ಕೆ ತಳ್ಳಿದಳು, ಹಿಂದಕ್ಕೆ ಎಳೆದಳು. ಸದ್ದೇ ಇಲ್ಲ.

"ಹೋಗು," ಎಂದಳು. ಮಾತ್ರೆಯ ಪಟ್ಟಿಯನ್ನು ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟಳು.

*

ಫೋನು ಬಂದ ಆರನೆಯ ದಿನ ತಮ್ಮನ ಶವದ ಪೆಟ್ಟಿಗೆ ಬಂತು. ಅದರೊಡನೆ ಮೂವರು ಗೆಳೆಯರೂ ಬಂದರು: ಬೇಕರಿಯ ದಪ್ಪಣ್ಣ, ಡ್ರಾಯಿಂಗ್ ಮೇಷ್ಟ್ರು, ಔಷಧದ ಅಂಗಡಿಯ ಕಂಪೌಂಡರ್. ಮೂವರ ಮೂಗೂ ಪರದೇಶದ ಬಿಸಿಲಿಗೆ ಸುಲಿದಿತ್ತು. ಪೆಟ್ಟಿಗೆಯನ್ನು ಮುಂದಿನ ಕೋಣೆಯಲ್ಲಿ ಎರಡು ಬೆಂಚಿನ ಮೇಲಿಟ್ಟರು. ಪಕ್ಕದ ಕುರ್ಚಿಯ ಮೇಲೆ ಅವನ ಹೆಲ್ಮೆಟ್ಟು ಮತ್ತು ಜಾಕೆಟ್ಟು.

ಅಕ್ಕ ಪೆಟ್ಟಿಗೆಯ ತಲೆಯ ಬದಿಯಲ್ಲಿ ಕೂತಿದ್ದಳು. ಆರು ದಿನದಿಂದ ಬಿಡಿಸದ ಪುಸ್ತಕ ಮಡಿಲಲ್ಲಿತ್ತು. ತಮ್ಮನ ಹೆಂಡತಿ ಕಾಲಿನ ಬದಿಯಲ್ಲಿ ಕೂತಿದ್ದಳು. ಆರು ದಿನದಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೇರವಾಗಿ ನೋಡಿರಲಿಲ್ಲ. ಇವಳಿಗೆ ಗೊತ್ತಾದರೆ ಏನಂದಾಳು ಎಂಬ ಕಲ್ಲು ಅಕ್ಕನ ಎದೆಯ ಮೇಲೆ ಕೂತಿತ್ತು.

ಬಂದವರು ಬಾಗಿಲ ಬಳಿ ಪಿಸುಗುಡುತ್ತಿದ್ದರು.

"ಈ ವಯಸ್ಸಲ್ಲಿ ಬೈಕ್ ಬೇಕಿತ್ತಾ?"

"ಬಿದ್ದರಂತಾ?"

"ಮನೆಯವರಾದ್ರೂ ಹೇಳಬಾರದಿತ್ತಾ?"

ಕೊನೆಯ ಮಾತು ಅಕ್ಕನಿಗೆ ಚುಚ್ಚಿತು. ಅಷ್ಟರಲ್ಲಿ ಐದನೇ ಮಹಡಿಯ ದರ್ಜಿ ಹೆಂಗಸು ಬಂದು ಅವಳ ಪಕ್ಕ ಕೂತಳು. "ನಾನು ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಾಗ ಇವರೇ ಬಂದದ್ದು," ಎಂದಳು. "ಕತ್ತಲೆ. ಜೀವ ಬಾಯಿಗೆ ಬಂದಿತ್ತು. ಹೊರಗಿನಿಂದ ಬಾಗಿಲಿಗೆ ಎರಡು ಸಲ ತಟ್ಟಿ, 'ಹೆದರಬೇಡಿ, ನಾನಿಲ್ಲೇ ಇದ್ದೀನಿ' ಅಂದ್ರು. ಆಮೇಲೆ ಬಾಗಿಲು ತೆಗೆಯೋವರೆಗೂ ಬಾಯಿ ಮುಚ್ಚಲಿಲ್ಲ. ಅಕ್ಕನ ಮುಂಗೋಪದ ಕತೆ ಎಲ್ಲಾ ಹೇಳಿದ್ರು."

"ಯಾವ ಮುಂಗೋಪ?" ಎಂದು ಅಕ್ಕ ಸಿಡುಕಿದಳು. ಪಕ್ಕದಲ್ಲಿದ್ದವರು ನಕ್ಕರು. ದಪ್ಪಣ್ಣನೂ ನಕ್ಕ, ನಗುತ್ತ ನಗುತ್ತ ಅಳತೊಡಗಿದ.

ಪೆಟ್ಟಿಗೆ ಒಯ್ಯುವ ಗಾಡಿ ಬರಲು ಒಂದು ಗಂಟೆಯಿತ್ತು. "ಹಿರಿಯರು ನೀವು. ಎರಡು ಮಾತು ಪ್ರಾರ್ಥನೆ ಹೇಳಿ," ಎಂದು ಯಾರೋ ಅಕ್ಕನಿಗೆ ಹೇಳಿದರು. ಅವಳು ಆಗದೆಂದು ತಲೆಯಾಡಿಸಿದಳು. "ಹೇಗಾಯ್ತು ಅಂತ ಮೊದಲು ಕೇಳಬೇಕು. ದಪ್ಪಣ್ಣ, ಸುಳ್ಳು ಹೇಳಬೇಡ. ಬಿದ್ದನಾ? ನೋವಾಯ್ತಾ?"

"ಬೀಳಲಿಲ್ಲ ಅಕ್ಕಾ. ಬೆಟ್ಟದ ಮೇಲೆ ಒಂದು ಸರೋವರ. ಅಲ್ಲಿ ಬೈಕಿಗೆ ಸ್ಟ್ಯಾಂಡ್ ಹಾಕಿದ, ಕೀ ತೆಗೆದು ಜೇಬಿಗೆ ಹಾಕ್ಕೊಂಡ. ನನ್ನ ಪಕ್ಕ ಮೋಟುಗೋಡೆ ಮೇಲೆ ಕೂತು ಬ್ರೆಡ್ ತಿಂದ. 'ಇವರ ಬ್ರೆಡ್ ನಿಂದಕ್ಕಿಂತ ಚೆನ್ನಾಗಿದೆ ಕಣೋ' ಅಂದ. 'ಹಾಗಾದ್ರೆ ಇಲ್ಲೇ ಇದ್ಬಿಡು' ಅಂದೆ ನಾನು." ದಪ್ಪಣ್ಣ ಬಾಯಿಗೆ ಬಡಿದುಕೊಂಡ. "ಅಂಥ ಮಾತು ಬಂತಲ್ಲ ಈ ಹಾಳು ಬಾಯಲ್ಲಿ! ಅವನು ನಕ್ಕ. ನನ್ನ ಭುಜಕ್ಕೆ ತಲೆ ಆನಿಸಿದ. ನಿದ್ದೆ ಬಂತು ಅಂದ್ಕೊಂಡೆ. ಏಳಿಸೋದು ಬೇಡ ಅಂತ ಅರ್ಧ ಗಂಟೆ ಅಲ್ಲಾಡದೆ ಕೂತೆ. ಕೈ ಜೋಮು ಹಿಡಿದರೂ ಅಲ್ಲಾಡಲಿಲ್ಲ."



"ಇಷ್ಟೇ ಅಲ್ಲ," ಎಂದ ದಪ್ಪಣ್ಣ, ತಮ್ಮನ ಹೆಂಡತಿಯ ಕಡೆ ತಿರುಗಿ. "ತಂಗ್ಯವ್ವಾ, ಬೈದ್ರೂ ಸರಿ, ಹೊಡೆದ್ರೂ ಸರಿ. ಅವನ ಎದೆ ಸರಿಯಿಲ್ಲ ಅಂತ ನನಗೆ ಗೊತ್ತಿತ್ತು. 'ನಿನಗೊಬ್ಬನಿಗೇ ಹೇಳ್ತಿರೋದು, ಆ ಇಬ್ಬರಿಗೆ ಗೊತ್ತಾದ್ರೆ ಟ್ರಿಪ್ಪೇ ಕ್ಯಾನ್ಸಲ್ ಮಾಡ್ತಾರೆ' ಅಂದ. ಇದನ್ನ ನನ್ನ ಕೈಗೆ ಕೊಟ್ಟಿದ್ದ." ಕೋಟಿನ ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ.

ಮೇಷ್ಟ್ರು ಅದನ್ನೇ ನೋಡಿದರು. "ನಿನಗೂ ಹೇಳಿದ್ನಾ?" ಎಂದು ತಮ್ಮ ಜೇಬಿಗೆ ಕೈ ಹಾಕಿ ಅಂಥದೇ ಪಟ್ಟಿ ತೆಗೆದರು.

"ಥೂ ನಿಮ್ಮ!" ಎಂದ ಕಂಪೌಂಡರ್. ಅವನ ಕೈಯಲ್ಲೂ ಒಂದಿತ್ತು. "ನನ್ನಂಗಡೀಲೇ ತಗೊಂಡ, ಆರು ಪಟ್ಟಿ. 'ಆರು ಯಾಕೋ?' ಅಂದ್ರೆ 'ದೂರದ ದಾರಿ' ಅಂದ. ಒಂದನ್ನ ನನಗೇ ವಾಪಸ್ ಕೊಟ್ಟು, 'ನಿನಗೊಬ್ಬನಿಗೇ' ಅಂದ!"

"ಅದಕ್ಕೇನಾ ನೀನು ಹತ್ತು ಹತ್ತು ಮೈಲಿಗೆ ಉಚ್ಚೆ ಅಂತ ಬೈಕ್ ನಿಲ್ಲಿಸ್ತಿದ್ದದ್ದು?" ಎಂದ ದಪ್ಪಣ್ಣ.

"ಅವನು ಸುಧಾರಿಸ್ಕೊಳ್ಳಲಿ ಅಂತ! ನೀನು ಸೊಂಟ ನೋವು ಅಂತ ರಸ್ತೆ ಪಕ್ಕ ಮಲಗ್ತಿದ್ದದ್ದು?"

"ನನ್ನ ಸೊಂಟಕ್ಕೇನಾಗಿದೆ? ಕಲ್ಲಿದ್ದಂಗಿದೆ!"

"ನಾನೂ ಅಷ್ಟೇ," ಎಂದರು ಮೇಷ್ಟ್ರು ಮೆಲ್ಲಗೆ. "ಕಂಡ ಕಂಡ ಮರಕ್ಕೆಲ್ಲ ನಿಲ್ಲಿಸಿ ಚಿತ್ರ ಬರೆದೆ. ಮೂರು ಪುಸ್ತಕ ತುಂಬಿದೆ. ಒಂದು ಚಿತ್ರವೂ ಚೆನ್ನಾಗಿಲ್ಲ."

ಹೀಗೆ ಒಂಬತ್ತು ದಿನವಾದರೂ ಅವರು ನಾಲ್ಕು ದಿನದ ದಾರಿಯನ್ನೂ ದಾಟಿರಲಿಲ್ಲವಂತೆ. ಒಂದು ಏರಿನಲ್ಲಿ ಸೈಕಲ್ಲಿನ ಮುದುಕಿಯೊಬ್ಬಳು ಗಂಟೆ ಬಾರಿಸಿ ನಾಲ್ವರನ್ನೂ ಹಿಂದೆ ಹಾಕಿ ಹೋದಳಂತೆ. "'ಇದಕ್ಕಿಂತ ನನ್ನ ಲಿಫ್ಟೇ ಜೋರಾಗಿ ಓಡ್ತಿತ್ತಲ್ರೋ, ಮುದುಕರಾಗ್ಬಿಟ್ರಿ ನೀವು' ಅಂತ ಉಗೀತಿದ್ದ," ಎಂದ ದಪ್ಪಣ್ಣ. "ಆದ್ರೆ ನಿಲ್ಲಿಸಿದ ಕಡೆಯೆಲ್ಲ ಮಕ್ಕಳ ಹಾಗೆ ಸುತ್ತ ನೋಡ್ತಿದ್ದ ಅಕ್ಕಾ. ಹಳೇ ಮನೆ ಗೇಟೊಂದು ಕಿರುಗುಟ್ಟಿತು ಅಂತ ಎಣ್ಣೆ ಬಿಟ್ಟು ಬಂದ. ಯಾರ ಮನೆಯೋ ಏನೋ!"

ಅಕ್ಕ ಪುಸ್ತಕ ಬಿಡಿಸಿದಳು. ನಡುವೆ ಅಂಟಿಕೊಂಡಿದ್ದ ಪಟ್ಟಿಯನ್ನು ತೆಗೆದಳು. ಉಳಿದವರನ್ನು ನೋಡದೆ ತಮ್ಮನ ಹೆಂಡತಿಯೊಬ್ಬಳನ್ನೇ ನೋಡಿದಳು.

"ನನಗೂ ಹೇಳಿದ್ದ ಕಣಮ್ಮಾ. ನಾನು ಬೇಡ ಅಂದಿದ್ದರೆ ಹೋಗ್ತಿರಲಿಲ್ಲ. ಹೋಗು ಅಂದವಳು ನಾನು. ನಿನ್ನಿಂದ ಮುಚ್ಚಿಟ್ಟೆ."

ಅವಳು ಎದ್ದಳು. ಅಕ್ಕ ಕಣ್ಣು ಮುಚ್ಚಿಕೊಂಡಳು. ಆದರೆ ಅವಳು ಬಂದದ್ದು ಕುರ್ಚಿಯ ಬಳಿಗೆ. ಜಾಕೆಟ್ಟನ್ನು ಮಡಿಲಿಗೆ ಹಾಕಿಕೊಂಡು, ಒಳಗಿನ ಅಸ್ತರಿನ ಒಂದು ಮೂಲೆಯ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಹರಿದಳು. ಒಳಗಿನಿಂದ ಐದನೆಯ ಪಟ್ಟಿ ಜಾರಿ ಬಿತ್ತು.

"ನನ್ನ ಹತ್ರ ಇದ್ದು ಏನು ಪ್ರಯೋಜನ ಅಂತ ಇಲ್ಲಿ ಹೊಲಿದಿದ್ದೆ," ಎಂದಳು. "'ಅಕ್ಕನಿಗೆ ಮಾತ್ರ ಗೊತ್ತಾಗಬಾರದು, ನಿನಗೊಬ್ಬಳಿಗೇ ಹೇಳ್ತಿರೋದು, ನೀನು ಬೇಡ ಅಂದ್ರೆ ಹೋಗಲ್ಲ' ಅಂದ್ರು."

"ನೀನೇನಂದೆ?"

"ಹೋಗಿ ಅಂದೆ." ಅವಳು ಪಟ್ಟಿಯನ್ನು ಎತ್ತಿ ಮೇಜಿನ ಮೇಲಿಟ್ಟಳು. "ಆರು ದಿನದಿಂದ ನಿಮ್ಮ ಮುಖ ನೋಡೋಕೆ ಹೆದರಿ ಸಾಯ್ತಿದ್ದೀನಿ ಅತ್ತಿಗೆ!"

"ನೀನು ನನಗೆ ಹೆದರ್ತಿದ್ಯಾ?" ಎಂದಳು ಅಕ್ಕ. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ನಕ್ಕರು. ನಗುತ್ತಲೇ ಕಣ್ಣೀರು ಧಾರೆಯಾಗಿ ಇಳಿಯಿತು.

"ಕಳ್ಳ! ಎಲ್ಲರ ಹತ್ರಾನೂ ಅಪ್ಪಣೆ ತಗೊಂಡೇ ಹೋಗಿದ್ದಾನೆ," ಎಂದರು ಮೇಷ್ಟ್ರು.

ಕಂಪೌಂಡರ್ ಆಸ್ಪತ್ರೆಯವರು ಕೊಟ್ಟ ಚೀಲವನ್ನು ಬಿಚ್ಚಿದ. ಬೈಕಿನ ಕೀ, ಕನ್ನಡಕ, ಎಣ್ಣೆಯ ಡಬ್ಬಿ, ಮತ್ತು ಆರನೆಯ ಪಟ್ಟಿ. "ಇದು ಅವನ ಅಂಗಿ ಜೇಬಲ್ಲಿತ್ತು. ಎದೆ ಮೇಲೆ, ಇಲ್ಲಿ," ಎಂದು ತೋರಿಸಿದ. "ಒಂದು ಚೂರು ನೋವಾಗಿದ್ದರೂ ಕೈ ತಾನಾಗಿ ಇಲ್ಲಿಗೆ ಹೋಗ್ತಿತ್ತು ಅಕ್ಕಾ. ನೋಡಿ."

ಅಕ್ಕ ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಬೆರಳಿನಿಂದ ಒಂದೊಂದೇ ಗುಳ್ಳೆಯನ್ನು ಮುಟ್ಟಿ ನೋಡಿದಳು. ಒಂದೂ ಒಡೆದಿರಲಿಲ್ಲ. ಎದೆಯೊಳಗೆ ಆರು ದಿನದಿಂದ ಬಿಗಿದು ತಿರುಚಿಕೊಂಡಿದ್ದುದು ಸದ್ದಿಲ್ಲದೆ ಬಿಚ್ಚಿಕೊಂಡಿತು.

ಕೆಳಗೆ ಗಾಡಿ ಬಂದು ನಿಂತಿತು. ಗೆಳೆಯರು ಎದ್ದು ಪೆಟ್ಟಿಗೆಯ ಬದಿಗೆ ಬಂದರು. ಅಕ್ಕ ತಮ್ಮನ ಹೆಂಡತಿಯ ಕೈ ಹಿಡಿದುಕೊಂಡೇ ಬಾಗಿ, ಬೆರಳ ಗೆಣ್ಣಿನಿಂದ ಪೆಟ್ಟಿಗೆಯ ಮುಚ್ಚಳಕ್ಕೆ ಎರಡು ಸಲ ತಟ್ಟಿದಳು.

"ಹೆದರಬೇಡ ಕಣೋ. ನಾವಿಲ್ಲೇ ಇದ್ದೀವಿ."

ಆಮೇಲೆ ಕಣ್ಣು ಮುಚ್ಚಿದಳು. ಆರು ದಿನದಿಂದ ಬಾರದಿದ್ದ ಮಾತು ತಾನಾಗಿ ಬಂತು.

"ದೇವರೇ, ನನ್ನ ತಮ್ಮ ನಿನ್ನ ಬಾಗಿಲಿಗೆ ಬಂದಿದ್ದಾನೆ. ಸಿಕ್ಕಿಕೊಂಡವರಿಗೆಲ್ಲ ಬಾಗಿಲು ತೆರೆದವನು, ಅವನನ್ನು ಹೊರಗೆ ಕಾಯಿಸಬೇಡ. ಮಾತು ಸ್ವಲ್ಪ ಜಾಸ್ತಿ, ಸಹಿಸಿಕೋ. ನಿನಗೊಬ್ಬನಿಗೇ ಹೇಳುತ್ತಿದ್ದೇನೆ ಎಂದರೆ ನಂಬಬೇಡ. ನಿನ್ನ ಬಾಗಿಲು ಎಲ್ಲಾದರೂ ಕಿರುಗುಟ್ಟಿದರೆ ಅವನೇ ಎಣ್ಣೆ ಬಿಡುತ್ತಾನೆ, ಬಿಡಲಿ. ಆಮೇಲೆ ಅವನ ಕೈಗೆ ವಿಶ್ರಾಂತಿ ಕೊಡು. ಅವನಿಗೆ ಶಾಂತಿ ಕೊಡು."